ಎಕ್ಸ್‌ಕ್ಲೂಸಿವ್ ಆಟ ನೋಡಿ ಕನ್ಸೋಲ್ ಕೊಳ್ಳಬೇಕಾ? ಹಳೇ ಸರಣಿಗಳಲ್ಲಿ ಇನ್ನೂ ಜೀವ ಇದೆಯಾ?

ನಿಮ್ಮ ಪ್ರಶ್ನೆ ಓದಿದೆ. ಮೊದಲ ಸಲ ಕನ್ಸೋಲ್, ಅಂದರೆ ವಿಡಿಯೋ ಗೇಮ್ ಆಡುವ ಪೆಟ್ಟಿಗೆ, ಕೊಳ್ಳುತ್ತಿದ್ದೀರಿ. ಒಂದೇ ಕನ್ಸೋಲ್‌ನಲ್ಲಿ ಮಾತ್ರ ಸಿಗುವ ಎಕ್ಸ್‌ಕ್ಲೂಸಿವ್ ಆಟಗಳನ್ನು ನೋಡಿ ಆರಿಸಬೇಕಾ ಅಂತ ಕೇಳಿದ್ದೀರಿ. ಇಪ್ಪತ್ತು ಮೂವತ್ತು ವರ್ಷದಿಂದ ಬರುತ್ತಲೇ ಇರುವ ಸರಣಿಗಳಲ್ಲಿ ಇನ್ನೂ ಏನಾದರೂ ಉಳಿದಿದೆಯಾ, ಇಲ್ಲಾ ಹಳೇ ಹೆಸರು ತೋರಿಸಿ ದುಡ್ಡು ಮಾಡುತ್ತಾರಾ ಅಂತಲೂ ಕೇಳಿದ್ದೀರಿ. ಬೇರೆ ಬೇರೆ ಪ್ರಶ್ನೆ ಅನ್ನಿಸುತ್ತೆ ಅಲ್ವಾ? ನನಗೆ ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿ ಸಿಕ್ಕಿದೆ. ಆಟ ಮಾಡುವವರಿಗೆ ಯಾರಾದರೂ ಸಾಕಷ್ಟು ಸಮಯ ಕೊಟ್ಟು ಕಾದರಾ? ನಾನು ನೋಡುವುದು ಅದನ್ನೇ.

ನನ್ನ ಕಥೆಯಿಂದಲೇ ಶುರು ಮಾಡುತ್ತೇನೆ. ನಾನು ಸಾಗರದ ಕಡೆಯವನು. ನಮ್ಮ ಬೀದಿಯಲ್ಲಿ ಒಬ್ಬ ಗೆಳೆಯನಿಗೆ ಅವನ ಸೋದರಮಾವ ದುಬೈನಿಂದ ಪ್ಲೇಸ್ಟೇಷನ್ 2 ತಂದುಕೊಟ್ಟಿದ್ದರು. ಶಾಲೆ ಬಿಟ್ಟ ಮೇಲೆ ನಾನು, ನನ್ನ ತಮ್ಮ ಇಬ್ಬರೂ ಅಲ್ಲೇ ಇರುತ್ತಿದ್ದೆವು. ಒಬ್ಬರು ಸತ್ತರೆ ಕಂಟ್ರೋಲರ್ ಮುಂದಿನವರಿಗೆ. 2005ರ ಗಾಡ್ ಆಫ್ ವಾರ್ ನಾವು ನೋಡಿದ್ದು ಹಾಗೆ. ಮೊದಲ ಹತ್ತು ನಿಮಿಷದಲ್ಲೇ ಸಮುದ್ರದ ಮಧ್ಯೆ, ಮುರಿಯುತ್ತಿರುವ ಹಡಗಿನ ಮೇಲೆ, ಮೂರು ತಲೆಯ ಹೈಡ್ರಾ ಎದ್ದು ನಿಲ್ಲುತ್ತೆ. ನನ್ನ ತಮ್ಮ ಹೆದರಿ ಕುರ್ಚಿಯ ಹಿಂದೆ ಹೋಗಿ ಕೂತಿದ್ದ. ಆ ಆಟ ಪ್ಲೇಸ್ಟೇಷನ್ ಬಿಟ್ಟು ಬೇರೆಲ್ಲೂ ಇಲ್ಲ ಅಂತ ನಮಗೆ ಆಗ ಗೊತ್ತೂ ಇರಲಿಲ್ಲ. ಗೊತ್ತಿದ್ದರೂ ಏನೂ ಅನ್ನಿಸುತ್ತಿರಲಿಲ್ಲ.

ಆಮೇಲೆ ಆ ಸರಣಿ ಒಂದರ ಹಿಂದೆ ಒಂದು ಬಂತು. 2007ರಲ್ಲಿ ಎರಡನೆಯದು, 2010ರಲ್ಲಿ ಮೂರನೆಯದು, ಮಧ್ಯೆ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೆ ಎರಡು, 2013ರಲ್ಲಿ ಅಸೆನ್ಷನ್. ಕಥೆಯ ನಾಯಕ ಕ್ರೇಟೋಸ್ ಗ್ರೀಕ್ ದೇವರುಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾ ಹೋದ. ಅಸೆನ್ಷನ್ ಬರುವ ಹೊತ್ತಿಗೆ ನನಗೆ ಸಾಕಾಗಿತ್ತು. ಅದೇ ಸಿಟ್ಟು, ಅದೇ ಕಿರುಚಾಟ, ಅದೇ ಸರಪಳಿ ಕತ್ತಿ. ಆ ಹೊತ್ತಿಗೆ ನೀವು ಈ ಪ್ರಶ್ನೆ ಕೇಳಿದ್ದರೆ "ಹೌದು, ಹಳೇ ಹೆಸರಿನ ಮೇಲೆ ಬದುಕುತ್ತಿದ್ದಾರೆ" ಅಂತಲೇ ಹೇಳುತ್ತಿದ್ದೆ.

ಆಮೇಲೆ ಐದು ವರ್ಷ ಏನೂ ಬರಲಿಲ್ಲ. 2018ರ ಏಪ್ರಿಲ್‌ನಲ್ಲಿ ಹೊಸ ಗಾಡ್ ಆಫ್ ವಾರ್ ಬಂತು. ಎರಡನೇ ಆಟ ನಿರ್ದೇಶಿಸಿದ್ದ ಕೋರಿ ಬಾರ್ಲಾಗ್ ಅವರೇ ಇದನ್ನೂ ನಿರ್ದೇಶಿಸಿದ್ದರು. ಗ್ರೀಸ್ ಹೋಗಿ ನಾರ್ಸ್ ಪುರಾಣದ ಹಿಮ ಬಂದಿತ್ತು. ದೂರದಲ್ಲಿ ನಿಂತು ನೋಡುತ್ತಿದ್ದ ಕ್ಯಾಮೆರಾ ಕ್ರೇಟೋಸ್‌ನ ಭುಜದ ಹಿಂದೆಯೇ ಬಂದು ಕೂತಿತ್ತು. ಮೊದಲಿಂದ ಕೊನೆವರೆಗೆ ಎಲ್ಲೂ ಕಟ್ ಇಲ್ಲ, ಇಡೀ ಆಟ ಒಂದೇ ಶಾಟ್. ಕೈಯಲ್ಲಿ ಕೊಡಲಿ. ಪಕ್ಕದಲ್ಲಿ ಮಗ. ಎಸೆದ ಕೊಡಲಿಯನ್ನು ತ್ರಿಕೋನದ ಬಟನ್ ಒತ್ತಿ ವಾಪಸ್ ಕರೆದಾಗ ಅದು ಗಾಳಿ ಸೀಳಿಕೊಂಡು ಬಂದು ಅಂಗೈಗೆ ಬೀಳುತ್ತೆ, ಕಂಟ್ರೋಲರ್ ನಡುಗುತ್ತೆ. ನಾನು ಶತ್ರುಗಳೇ ಇಲ್ಲದ ಕಡೆ ನಿಂತು ಎಷ್ಟೋ ಹೊತ್ತು ಸುಮ್ನೆ ಎಸೆದು ಕರೆದಿದ್ದೇನೆ. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಪ್ರಶಸ್ತಿಯೂ ಬಂತು.

ಈ ಐದು ವರ್ಷವನ್ನು ಯಾರು ಕೊಟ್ಟರು ಅನ್ನುವುದು ಮುಖ್ಯ. ಆಟ ಮಾಡಿದ ಸಾಂಟಾ ಮೋನಿಕಾ ಸ್ಟುಡಿಯೋ, ಪ್ಲೇಸ್ಟೇಷನ್ ಮಾಡುವ ಸೋನಿಯದ್ದೇ. ಬೇರೆ ಕಂಪನಿಗೆ ಒಂದೊಂದು ಆಟವೂ ತನ್ನ ಖರ್ಚು ತಾನೇ ಹುಟ್ಟಿಸಬೇಕು. ಕನ್ಸೋಲ್ ಮಾಡುವವರ ಲೆಕ್ಕ ಬೇರೆ. ತಮ್ಮ ಕನ್ಸೋಲ್‌ನಲ್ಲಿ ಬೇರೆಯವರ ಆಟ ಮಾರಾಟವಾದರೂ ಅವರಿಗೆ ಪಾಲು ಬರುತ್ತೆ, ಸಾಮಾನ್ಯವಾಗಿ ನೂರಕ್ಕೆ 30ರಷ್ಟು. ಹಾಗಾಗಿ ಜನರನ್ನು ತಮ್ಮ ಪೆಟ್ಟಿಗೆಯ ಹತ್ತಿರ ಕರೆಯಬಲ್ಲ ಒಂದು ಆಟಕ್ಕೆ ಅವರು ವರ್ಷಗಟ್ಟಲೆ ಕಾಯಬಲ್ಲರು. ಇನ್ನೊಂದು ಕನ್ಸೋಲ್ ಕಂಪನಿ ನಿಂಟೆಂಡೋದ ಬ್ರೆತ್ ಆಫ್ ದಿ ವೈಲ್ಡ್ ಕೂಡ ಹಾಗೇ. ಮೊದಲು 2015ಕ್ಕೆ ಬರುತ್ತೆ ಅಂದಿದ್ದರು. 2016ಕ್ಕೆ ಹೋಯಿತು, ಕೊನೆಗೆ ಬಂದದ್ದು 2017ರ ಮಾರ್ಚ್‌ನಲ್ಲಿ. 1986ರಲ್ಲಿ ಶುರುವಾದ ಜೆಲ್ಡಾ ಸರಣಿ ಅದು. ಕಣ್ಣಿಗೆ ಕಾಣುವ ಯಾವ ಬೆಟ್ಟವನ್ನಾದರೂ ಹತ್ತಬಹುದು ಅನ್ನುವ ಒಂದೇ ಯೋಚನೆ ಇಟ್ಟುಕೊಂಡು ಇಡೀ ಸರಣಿಯನ್ನು ಬಿಚ್ಚಿ ಮತ್ತೆ ಕಟ್ಟಿದರು.

ಇಂಥ ಆಟಗಳನ್ನು ನಾನು ಸಾಕಿದ ಆಟ ಅನ್ನುತ್ತೇನೆ. ನನಗೆ ತುಂಬ ಇಷ್ಟವಾದ ಉದಾಹರಣೆ ಬೇಯೊನೆಟ್ಟಾ 2. ಮೊದಲನೆಯದು 2009ರಲ್ಲಿ ಪ್ಲೇಸ್ಟೇಷನ್ 3, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಎರಡರಲ್ಲೂ ಬಂದಿತ್ತು. ಎರಡನೆಯದಕ್ಕೆ ನಿಂಟೆಂಡೋ ದುಡ್ಡು ಹಾಕಿತು, 2014ರಲ್ಲಿ ಅವರದ್ದೇ ವೀ ಯು ಕನ್ಸೋಲ್‌ಗೆ ಮಾತ್ರ ಬಂತು. ಹಳೇ ಅಭಿಮಾನಿಗಳು ಸಿಟ್ಟಾದರು, ನಾನೂ ಆದೆ. ಆದರೆ ಆ ದುಡ್ಡು ಬರದಿದ್ದರೆ ಆ ಆಟವೇ ಇರುತ್ತಿರಲಿಲ್ಲ. ಅದು ಅರ್ಥವಾದ ಮೇಲೆ ಸಿಟ್ಟು ಹೋಯಿತು.

ಇನ್ನೊಂದು ಜಾತಿ ಇದೆ. ಅದು ಬೇಲಿ ಹಾಕಿದ ಆಟ. ಎಲ್ಲ ಕಡೆ ಬರಬೇಕಾಗಿದ್ದ ಆಟಕ್ಕೆ ದುಡ್ಡು ಕೊಟ್ಟು, ಸ್ವಲ್ಪ ಕಾಲ ಬೇರೆಯವರಿಗೆ ಸಿಗದ ಹಾಗೆ ಮಾಡುವುದು. 2015ರ ರೈಸ್ ಆಫ್ ದಿ ಟೂಂಬ್ ರೇಡರ್ ಮೊದಲು ಎಕ್ಸ್‌ಬಾಕ್ಸ್‌ಗೆ ಮಾತ್ರ ಬಂತು. ಅದರ ಹಿಂದಿನ ಆಟ, 2013ರದ್ದು, ಎರಡೂ ಕಡೆ ಇತ್ತು. ಕಥೆ ಮುಂದುವರಿಯುವುದನ್ನು ನೋಡಲು ಪ್ಲೇಸ್ಟೇಷನ್‌ನವರು 2016ರ ಅಕ್ಟೋಬರ್‌ವರೆಗೆ ಕಾದರು. ಇದೇ ಕೆಲಸ ಆ ಕಡೆಯವರೂ ಮಾಡಿದ್ದಾರೆ. ಮಾರ್ವೆಲ್ಸ್ ಅವೆಂಜರ್ಸ್ ಆಟ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡಕ್ಕೂ ಬಂದಿತ್ತು, ಆದರೆ ಸ್ಪೈಡರ್‌ಮ್ಯಾನ್ ಪಾತ್ರ ಮಾತ್ರ ಪ್ಲೇಸ್ಟೇಷನ್‌ನವರಿಗೆ. ಅಷ್ಟೇ ದುಡ್ಡು ಕೊಟ್ಟು ಅದೇ ಆಟ ತಗೊಂಡ ಎಕ್ಸ್‌ಬಾಕ್ಸ್ ಹುಡುಗನಿಗೆ ಸ್ಪೈಡರ್‌ಮ್ಯಾನ್ ಇಲ್ಲ. ಇದರಿಂದ ಆಟ ಒಂದು ಎಳೆಯಷ್ಟೂ ಚೆನ್ನಾಗಲಿಲ್ಲ. ಇಂಥದ್ದಕ್ಕೆ ನನ್ನಿಂದ ಯಾವ ಸಮರ್ಥನೆಯೂ ಇಲ್ಲ.

ಹಿಂದೆ ಒಂದು ನಿಜವಾದ ಕಾರಣ ಇರುತ್ತಿತ್ತು. ಪೆಟ್ಟಿಗೆಗಳೇ ಬೇರೆ ಬೇರೆ. 1997ರ ಫೈನಲ್ ಫ್ಯಾಂಟಸಿ 7 ತಗೊಳ್ಳಿ. ಅಲ್ಲಿವರೆಗೆ ಆ ಸರಣಿ ನಿಂಟೆಂಡೋ ಜೊತೆ ಇತ್ತು. ನಿಂಟೆಂಡೋ 64 ಕನ್ಸೋಲ್ ಚಿಪ್ ಇರುವ ಹಳೇ ಕಾರ್ಟ್ರಿಜ್‌ಗೇ ಅಂಟಿಕೊಂಡಿತ್ತು, ಸಿಡಿಗೆ ಬರಲಿಲ್ಲ. ಅದರಲ್ಲಿ ಅತಿ ದೊಡ್ಡದು ಅಂದರೂ 64 ಮೆಗಾಬೈಟ್. ಫೈನಲ್ ಫ್ಯಾಂಟಸಿ 7ಕ್ಕೆ ಮೂರು ಸಿಡಿ ಬೇಕಾಯಿತು. ಅದಕ್ಕೇ ಅವರು ಸಿಡಿ ಹಾಕುವ ಪ್ಲೇಸ್ಟೇಷನ್‌ಗೆ ಹೋದರು. ಪ್ಲೇಸ್ಟೇಷನ್ 3ರ ಸೆಲ್ ಪ್ರೊಸೆಸರ್ ಕೂಡ ಅಷ್ಟೇ ವಿಚಿತ್ರವಾಗಿತ್ತು, ಅದಕ್ಕೆಂದೇ ಬರೆದ ಆಟವನ್ನು ಬೇರೆ ಕಡೆ ಒಯ್ಯುವುದು ಬಹಳ ಕಷ್ಟ. ಈಗ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರ ಒಳಗೂ ಎಎಮ್‌ಡಿ ಚಿಪ್, ಒಂದೇ ತಲೆಮಾರಿನದು. ಹೆಚ್ಚುಕಮ್ಮಿ ಅಣ್ಣತಮ್ಮಂದಿರು. ಯಂತ್ರದ ಕಾರಣ ಹೋಯಿತು, ಉಳಿದಿರುವುದು ವ್ಯಾಪಾರದ ಕಾರಣ.

ಬೇಲಿಯಿಂದ ಆಟಕ್ಕೇ ನಷ್ಟವಾಗುವುದೂ ಉಂಟು. ಬ್ಲಡ್‌ಬೋರ್ನ್ ನೆನೆಸಿಕೊಂಡರೆ ನನಗೆ ಬೇಜಾರಾಗುತ್ತೆ. ಫ್ರಮ್‌ಸಾಫ್ಟ್‌ವೇರ್ ಮಾಡಿದ, 2015ರ ಪ್ಲೇಸ್ಟೇಷನ್ 4 ಆಟ. ನಾನು ಆಡಿದ ಅತ್ಯುತ್ತಮ ಐದು ಆಟಗಳಲ್ಲಿ ಒಂದು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ ಮಾತ್ರ ಅನ್ನುವ ಮಿತಿಯಲ್ಲಿ, ಅವತ್ತು ಹೇಗೆ ಬಂತೋ ಹಾಗೇ ಇದೆ. ಪಿಸಿಗೂ ಬರಲಿಲ್ಲ, ಪ್ಲೇಸ್ಟೇಷನ್ 5ಕ್ಕೆ ಹೊಸ ರೂಪವೂ ಸಿಗಲಿಲ್ಲ. ದಿ ಲಾಸ್ಟ್ ಆಫ್ ಅಸ್ ಮೊದಲ ಭಾಗವನ್ನು 2013, 2014, 2022 ಅಂತ ಮೂರು ಸಲ ಮೂರು ಕನ್ಸೋಲ್‌ಗೆ ಮಾರಿದರು. ಬ್ಲಡ್‌ಬೋರ್ನ್‌ಗೆ ಒಂದು ಸಲವೂ ಆ ಭಾಗ್ಯ ಇಲ್ಲ.

ನಮ್ಮ ದೇಶದ್ದೇ ಒಂದು ಆಟದ ವಿಷಯ ಹೇಳಬೇಕು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ರಾಜಿ: ಆನ್ ಏನ್ಷಿಯೆಂಟ್ ಎಪಿಕ್. ದುರ್ಗೆ ಆಯುಧ ಕೊಟ್ಟು ಕಳಿಸಿದ ಹುಡುಗಿ ತನ್ನ ತಮ್ಮನನ್ನು ಹುಡುಕಿಕೊಂಡು ಹೋಗುವ ಕಥೆ. 2020ರ ಆಗಸ್ಟ್‌ನಲ್ಲಿ ಅದು ಮೊದಲು ಬಂದದ್ದು ನಿಂಟೆಂಡೋ ಸ್ವಿಚ್‌ಗೆ ಮಾತ್ರ. ಸ್ವಿಚ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೇ ಇರಲಿಲ್ಲ. ನಮ್ಮ ಆಟವನ್ನು ನಾವು ಆಡಲು ಅಕ್ಟೋಬರ್‌ವರೆಗೆ ಕಾದೆವು. ಚಿಕ್ಕ ತಂಡಕ್ಕೆ ದೊಡ್ಡ ಕಂಪನಿಯ ವೇದಿಕೆ ಎಷ್ಟು ಮುಖ್ಯ ಅಂತ ನನಗೆ ಗೊತ್ತು, ತಂಡದವರ ಮೇಲೆ ಒಂದಿಷ್ಟೂ ಬೇಸರ ಇಲ್ಲ. ಬೇಲಿ ಎಲ್ಲಿ ಎಲ್ಲಿ ತಾಗುತ್ತೆ ಅಂತ ಹೇಳಿದೆ.

ನನಗೆ ತಾಗಿದ್ದು ಮನೆಯೊಳಗೇ. ಕುರ್ಚಿ ಹಿಂದೆ ಕೂತಿದ್ದ ನನ್ನ ತಮ್ಮ ಈಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ ಅವನ ಗೆಳೆಯರದ್ದೆಲ್ಲ ಎಕ್ಸ್‌ಬಾಕ್ಸ್, ಹಾಗಾಗಿ ಅವನೂ ಅದನ್ನೇ ತಗೊಂಡ. ನನ್ನದು ಪ್ಲೇಸ್ಟೇಷನ್. ವಾರಕ್ಕೊಮ್ಮೆ ಫೋನು ಮಾಡಿದರೆ ಇಬ್ಬರೂ ಒಬ್ಬರ ಆಟವನ್ನು ಇನ್ನೊಬ್ಬರಿಗೆ ಬಾಯಲ್ಲಿ ವರ್ಣಿಸುವುದೇ ಆಗಿತ್ತು. ನಾನು ಹೆಲ್‌ಡೈವರ್ಸ್ 2 ಬಗ್ಗೆ ಹೇಳುವುದು, ಅವನು ಗಿಯರ್ಸ್ ಆಫ್ ವಾರ್ ಬಗ್ಗೆ ಹೇಳುವುದು. 2025ರ ಆಗಸ್ಟ್ 26ರಂದು ಎರಡೂ ಒಂದೇ ದಿನ ಬೇಲಿ ದಾಟಿದವು. ಹೆಲ್‌ಡೈವರ್ಸ್ ಎಕ್ಸ್‌ಬಾಕ್ಸ್‌ಗೆ ಹೋಯಿತು, ಮೊದಲ ಗಿಯರ್ಸ್ ಆಫ್ ವಾರ್ ಹೊಸ ರೂಪದಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಹೆಲ್‌ಡೈವರ್ಸ್‌ನಲ್ಲಿ ಬೇರೆ ಬೇರೆ ಕನ್ಸೋಲ್‌ನವರು ಒಟ್ಟಿಗೆ ಆಡಬಹುದು. ಅವನಿಗೆ ಶನಿವಾರ ರಾತ್ರಿ, ನನಗೆ ಭಾನುವಾರ ಬೆಳಿಗ್ಗೆ. ಅಮ್ಮ ಕಾಫಿ ತಂದುಕೊಟ್ಟು ಹೆಡ್‌ಸೆಟ್ ಹತ್ತಿರ ಬಾಯಿಟ್ಟು "ಊಟ ಆಯ್ತೇನೋ?" ಅಂತ ಅವನನ್ನು ಕೇಳುತ್ತಾಳೆ. ಸಾಗರ ಬಿಟ್ಟ ಮೇಲೆ ನಾವಿಬ್ಬರು ಒಟ್ಟಿಗೆ ಆಡಿದ್ದು ಇದೇ ಮೊದಲು.

ಬೇಲಿಗಳು ಯಾಕೆ ಬೀಳುತ್ತಿವೆ ಅಂದರೆ ಖರ್ಚು. 2023ರಲ್ಲಿ ಮೈಕ್ರೋಸಾಫ್ಟ್, ಆಟ ಮಾಡುವ ಆಕ್ಟಿವಿಷನ್ ಬ್ಲಿಜಾರ್ಡ್ ಕಂಪನಿಯನ್ನು ಕೊಳ್ಳುವ ವಿಷಯ ಅಮೆರಿಕದ ಕೋರ್ಟಿಗೆ ಹೋದಾಗ, ಸೋನಿಯ ದಾಖಲೆಯಲ್ಲಿ ಸರಿಯಾಗಿ ಮಸಿ ಬಳಿಯದ ಅಂಕಿ ಹೊರಬಂತು. ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21 ಕೋಟಿ ಡಾಲರ್. ಇಷ್ಟು ಸುರಿದ ಮೇಲೆ ಒಂದೇ ಪೆಟ್ಟಿಗೆಯವರಿಗೆ ಮಾರಿ ಗಿಟ್ಟಿಸುವುದು ಕಷ್ಟ. ಅದಕ್ಕೇ ಸೋನಿ 2020ರಲ್ಲಿ ಹೊರೈಜನ್ ಜೀರೋ ಡಾನ್‌ನಿಂದ ಶುರುಮಾಡಿ ತನ್ನ ದೊಡ್ಡ ಆಟಗಳನ್ನು ಪಿಸಿಗೂ ತಂದಿತು. ಮೈಕ್ರೋಸಾಫ್ಟ್ 2024ರಲ್ಲಿ ತನ್ನ ನಾಲ್ಕು ಆಟಗಳನ್ನು ಬೇರೆಯವರ ಕನ್ಸೋಲ್‌ಗೆ ಬಿಟ್ಟಿತು, ಆಮೇಲೆ ಬಾಗಿಲೇ ತೆರೆಯಿತು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಮಾರಿದ್ದೇ ಹೇಲೋ. ಆ ಹೇಲೋವನ್ನೂ ಪ್ಲೇಸ್ಟೇಷನ್‌ಗೆ ತರುತ್ತೇವೆ ಅಂತ 2025ರ ಅಕ್ಟೋಬರ್‌ನಲ್ಲಿ ಹೇಳಿದರು. 1997ರಲ್ಲಿ ಪ್ಲೇಸ್ಟೇಷನ್‌ಗೆ ಹೋದ ಫೈನಲ್ ಫ್ಯಾಂಟಸಿಯ ಕಂಪನಿಯವರೂ 2024ರಲ್ಲಿ ಎಲ್ಲ ಕಡೆ ಬಿಡುಗಡೆ ಮಾಡುವ ದಾರಿ ಹಿಡಿದರು.

ಖುಷಿ ಇದೆ. ಜೊತೆಗೆ ನನಗೊಂದು ಭಯವೂ ಇದೆ. ಬೇಲಿ ಬೀಳುವಾಗ ಸಾಕುವ ಗುಣವೂ ಹೋಗಿಬಿಟ್ಟರೆ? ಮೈಕ್ರೋಸಾಫ್ಟ್ ಮೊದಲು ಹೊರಗೆ ಬಿಟ್ಟ ನಾಲ್ಕರಲ್ಲಿ ಹೈ-ಫೈ ರಶ್ ಒಂದು. ಹಾಡಿನ ತಾಳಕ್ಕೆ ಸರಿಯಾಗಿ ಹೊಡೆದಾಡುವ, ಮುಖದಲ್ಲಿ ನಗು ತರಿಸುವ ಆಟ. ಮಾಡಿದ್ದು ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್. ಆ ಆಟ ಪ್ಲೇಸ್ಟೇಷನ್‌ಗೆ ಬಂದು ಎರಡು ತಿಂಗಳಿಗೆ, 2024ರ ಮೇನಲ್ಲಿ, ಸ್ಟುಡಿಯೋ ಮುಚ್ಚುತ್ತೇವೆ ಅಂದರು. ಕೊನೆಗೆ ಕೊರಿಯಾದ ಕ್ರಾಫ್ಟನ್ ಅದನ್ನು ಉಳಿಸಿಕೊಂಡಿತು. ಸೋನಿಯದ್ದೂ ಇದೆ. ಆನ್‌ಲೈನ್ ಆಟಗಳ ಹಿಂದೆ ಬಿದ್ದು 2024ರ ಆಗಸ್ಟ್‌ನಲ್ಲಿ ಬಿಟ್ಟ ಕಾನ್ಕಾರ್ಡ್ ಎರಡೇ ವಾರಕ್ಕೆ ಬಂದ್ ಆಯಿತು. ಕೊಂಡವರಿಗೆ ದುಡ್ಡು ವಾಪಸ್ ಬಂತು. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರ ಸ್ಟುಡಿಯೋವನ್ನೇ ಮುಚ್ಚಿದರು. ಎಕ್ಸ್‌ಕ್ಲೂಸಿವ್ ಹೋಗಲಿ ಅಂತ ನಾನು ಮನಸಾರೆ ಹೇಳುತ್ತೇನೆ. ಐದು ವರ್ಷ ಕಾಯುವ ತಾಳ್ಮೆ ಮಾತ್ರ ಹೋಗಬಾರದು.

ಸರಣಿಗಳ ಪ್ರಶ್ನೆಯೂ ಇಲ್ಲಿಗೇ ಬರುತ್ತೆ. ರೆಸಿಡೆಂಟ್ ಈವಿಲ್ 1996ರಲ್ಲಿ ಶುರುವಾಯಿತು. ಮೊದಲು ಕತ್ತಲೆ ಬಂಗಲೆ, ಲೆಕ್ಕದ ಗುಂಡು, ಬಾಗಿಲು ತೆಗೆಯಲೂ ಭಯ. ನಿಧಾನಕ್ಕೆ ಗುಂಡಿನ ಸುರಿಮಳೆ ಜಾಸ್ತಿಯಾಯಿತು. 2012ರ ಆರನೆಯದರಲ್ಲಿ ಭಯವೇ ಇರಲಿಲ್ಲ, ಸ್ಫೋಟಗಳೇ. ಅದನ್ನು ಮಾಡುವ ಕ್ಯಾಪ್‌ಕಾಮ್ ಕಂಪನಿ ಅಲ್ಲಿ ನಿಂತು ಯೋಚನೆ ಮಾಡಿತು. 2017ರ ಏಳನೆಯದು ಲೂಸಿಯಾನದ ಒಂದು ಹಾಳು ಮನೆಯೊಳಗೆ, ಪಾತ್ರದ ಕಣ್ಣಿನಿಂದಲೇ ನೋಡುವ ಹಾಗೆ ಬಂತು. ನಾನು ದೀಪ ಹಾಕಿಕೊಂಡೇ ಆಡಿದೆ. ಇದನ್ನು ಮಾಡಿದ್ದು ಕನ್ಸೋಲ್ ಕಂಪನಿಯಲ್ಲ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಪಿಸಿ ಮೂರಕ್ಕೂ ಒಂದೇ ದಿನ ಬಂತು. ಕಾಯುವ ಮನಸ್ಸಿದ್ದರೆ ಬೇಲಿ ಇಲ್ಲದೆಯೂ ಆಗುತ್ತೆ ಅನ್ನುವುದಕ್ಕೆ ನನಗೆ ಇದೇ ಸಾಕ್ಷಿ. ಅಸ್ಯಾಸಿನ್ಸ್ ಕ್ರೀಡ್‌ನವರು ಪ್ರತಿ ವರ್ಷ ಬಿಡುತ್ತಾ ಬಿಡುತ್ತಾ 2014ರ ಯೂನಿಟಿಯಲ್ಲಿ ದೋಷಗಳ ರಾಶಿಯನ್ನೇ ಮಾರಿದರು. 2016ರಲ್ಲಿ ಬಿಡುವು ತಗೊಂಡರು, 2017ಕ್ಕೆ ಈಜಿಪ್ಟಿನ ಕಥೆಯ ಒರಿಜಿನ್ಸ್ ಬಂತು. ವ್ಯತ್ಯಾಸ ಆಡಿದವರಿಗೆ ಗೊತ್ತು. ಕಾಲ್ ಆಫ್ ಡ್ಯೂಟಿ, ಫುಟ್‌ಬಾಲ್ ಆಟಗಳು ವರ್ಷ ವರ್ಷ ಬರುತ್ತವೆ. ಗೆಳೆಯರ ಜೊತೆ ಆಡುವುದಿದ್ದರೆ ಮೂರು ವರ್ಷಕ್ಕೊಂದು ಸಾಕು.

ಆದರೆ ಅದೇ ಬರುತ್ತೆ ಅನ್ನುವುದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ನಮ್ಮ ಕಡೆ ಯಕ್ಷಗಾನಕ್ಕೆ ಹೋಗುವವರಿಗೆ ಕಥೆ ಗೊತ್ತಿಲ್ಲವಾ? ಕೊನೆಗೆ ಕೌರವ ತೊಡೆ ಮುರಿದು ಬೀಳುತ್ತಾನೆ ಅಂತ ಗೊತ್ತಿದ್ದೂ ಬೆಳಗಿನತನಕ ಕೂರುತ್ತೇವೆ. ಇವತ್ತಿನ ಕೌರವ ಏನು ಅರ್ಥ ಹೇಳುತ್ತಾನೆ ಅಂತ ಕೇಳಲಿಕ್ಕೆ. ಸೆಗಾದ ಯಾಕುಜಾ ಸರಣಿ ನನಗೆ ಹಾಗೆ. 2005ರಿಂದ ಟೋಕಿಯೋದ ಕಬುಕಿಚೋ ಥರ ಕಟ್ಟಿದ ಕಾಮುರೊಚೋ ಅನ್ನುವ ಅದೇ ಬೀದಿಗೆ ಮತ್ತೆ ಮತ್ತೆ ಹೋಗುತ್ತೇವೆ. ಯಾವ ಮೂಲೆಯಲ್ಲಿ ಯಾವ ಅಂಗಡಿ ಅಂತ ನನಗೆ ಬಾಯಿಪಾಠ. ಒಂದು ಅಂಗಡಿ ಬದಲಾಗಿದ್ದರೆ ಪರಿಚಯದವರು ಊರು ಬಿಟ್ಟು ಹೋದ ಹಾಗೆ ಅನ್ನಿಸುತ್ತೆ. ಆ ಪರಿಚಯವೇ ಆ ಸರಣಿಯ ಬಂಡವಾಳ. ಅಷ್ಟಿದ್ದೂ 2020ರಲ್ಲಿ ಅವರು ಹೊಡೆದಾಟದ ರೀತಿಯನ್ನೇ ಬದಲಿಸಿ, ಹಳೇ ನಾಯಕನ ಜಾಗಕ್ಕೆ ಹೊಸಬನನ್ನು ತಂದರು. ಸರಣಿಗೆ ಜೀವ ಇದೆ ಅಂತ ನನಗೆ ಗೊತ್ತಾಗುವುದು ಇಂಥ ಕಡೆ.

ಈಗ ನಿಮ್ಮ ದುಡ್ಡಿನ ವಿಷಯ. ಕನ್ಸೋಲ್ ಆರಿಸುವಾಗ ಎಕ್ಸ್‌ಕ್ಲೂಸಿವ್ ಪಟ್ಟಿಗಿಂತ ಮೊದಲು ನಿಮ್ಮ ಜೊತೆ ಯಾರು ಆಡುತ್ತಾರೆ, ಅವರ ಹತ್ತಿರ ಯಾವುದಿದೆ ಅಂತ ನೋಡಿ. ಒಬ್ಬರೇ ಕೂತು ಕಥೆ ಇರುವ ದೊಡ್ಡ ಆಟ ಆಡುವುದು ಇಷ್ಟ ಅಂದರೆ ಪ್ಲೇಸ್ಟೇಷನ್ ತಗೊಳ್ಳಿ. ಸಾಕಿದ ಆಟಗಳು ಅಲ್ಲಿ ಈಗಲೂ ಜಾಸ್ತಿ, ಬೇಲಿ ದಾಟಿದವೂ ಅಲ್ಲಿಗೆ ಬರುತ್ತಿವೆ. ಮಾರಿಯೋ, ಜೆಲ್ಡಾ ಬೇಕು ಅಂದರೆ ನಿಂಟೆಂಡೋ ಬಿಟ್ಟು ಬೇರೆ ದಾರಿ ಇಲ್ಲ, ಅವರು ಬೇಲಿ ತೆಗೆದಿಲ್ಲ. ಆದರೆ ಇಲ್ಲಿ ಹೊರಗಿನಿಂದ ತರಿಸಿದ್ದನ್ನು ಕೊಳ್ಳಬೇಕಾಗುತ್ತೆ, ಕೆಟ್ಟರೆ ವಾರಂಟಿ ಕಷ್ಟ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಒಳ್ಳೆ ಪಿಸಿ ಮನೆಯಲ್ಲಿದ್ದರೆ ಎಕ್ಸ್‌ಬಾಕ್ಸ್ ಆಟಗಳು ಅದರಲ್ಲೇ ಬರುತ್ತವೆ, ಪೆಟ್ಟಿಗೆ ಬೇಕಾಗಿಲ್ಲ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಯಾವುದೇ ಆದರೂ ಡಿಸ್ಕ್ ಹಾಕುವ ಮಾಡೆಲ್ ಇರಲಿ. ಪ್ಲೇಸ್ಟೇಷನ್ 5ರ ಹೊಸ ದೊಡ್ಡ ಆಟಕ್ಕೆ ಇಲ್ಲಿ ತುಂಬ ದುಡ್ಡು ಕೇಳುತ್ತಾರೆ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ನಾನು ಆಡಿದ್ದರಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಹ್ಯಾಂಡ್.

ಮೊದಲ ಆಟ ಯಾವುದು ಅಂತಲೂ ಕೇಳಿದ್ದೀರಿ. 2018ರ ಗಾಡ್ ಆಫ್ ವಾರ್. ಹಳೆಯವು ಯಾವುದೂ ಆಡಿರಬೇಕಾಗಿಲ್ಲ. ಅದರಲ್ಲಿ ಅಪ್ಪ, ಮಗ ದೋಣಿಯಲ್ಲಿ ಹೋಗುವಾಗ ಮಿಮಿರ್ ಅನ್ನುವವನು ಹಳೇ ಕಥೆಗಳನ್ನು ಹೇಳುತ್ತಾನೆ. ದಡಕ್ಕೆ ಹೋದರೆ ಕಥೆ ಅರ್ಧಕ್ಕೆ ನಿಲ್ಲುತ್ತೆ. ಆತುರ ಪಡಬೇಡಿ. ಕಥೆ ಮುಗಿಯುವತನಕ ದೋಣಿಯನ್ನು ನೀರಿನಲ್ಲೇ ಸುತ್ತಿಸಿ.